ಎಲೆಬಳ್ಳಿಯ ಬುಡದಲ್ಲಿ ಮಲಗಿದ ಗೋಣಿಚೀಲ

ಒರಟು ಬಟ್ಟೆ ಕಂಡರೆ ಜನ "ಥೇಟ್ ಗೋಣಿಚೀಲ ಇದ್ದ ಹಾಗಿದೆ" ಎಂದು ಮೂಗು ಮುರಿಯುತ್ತಾರೆ. ಆ ಗೋಣಿಚೀಲ ನಾನೇ. ನನಗೆ ಬೇಸರವಿಲ್ಲ. ಮೂಗು ಮುರಿದವರೂ ದಣಿವಾದಾಗ ನನ್ನನ್ನೇ ಹಾಸಿಕೊಂಡು ಕುಳಿತಿದ್ದಾರೆ.

ಬಂಗಾಳದ ಹೊಳೆದಂಡೆಯ ಒಂದು ಗಿರಣಿಯಲ್ಲಿ ನಾನು ಹುಟ್ಟಿದೆ. ನೀರಿನಲ್ಲಿ ಕೊಳೆಹಾಕಿ, ಬಡಿದು, ಸುಲಿದು ತೆಗೆದ ಸೆಣಬಿನ ನಾರೇ ನನ್ನ ಮೈ. ಹುಟ್ಟುವ ಮೊದಲೇ ಅಷ್ಟು ಪೆಟ್ಟು ತಿಂದಿದ್ದರಿಂದ ಆಮೇಲೆ ಯಾರು ಎಳೆದಾಡಿದರೂ ಅಷ್ಟಾಗಿ ನೋವಾಗಲಿಲ್ಲ. ಮೊದಲು ಹೊಟ್ಟೆ ತುಂಬ ಗೋಧಿ ತುಂಬಿಸಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಬಂದೆ. ಹಮಾಲರ ಕೊಕ್ಕೆ ಪಕ್ಕೆಗೆ ಎರಡು ತೂತು ಮಾಡಿತು. ಗೋಧಿ ಸೋರುತ್ತದೆ ಎಂದು ಆಲೂಗಡ್ಡೆಯ ವ್ಯಾಪಾರಿಗೆ ಕೊಟ್ಟರು. ಅವನ ಅಂಗಡಿಯಲ್ಲಿ ಆಲೂಗಡ್ಡೆ ಕೊಳೆತು, ನನಗೂ ವಾಸನೆ ಹತ್ತಿ, ಕೊನೆಗೆ ಹಳೆಯ ಚೀಲಗಳ ರಾಶಿಯಲ್ಲಿ ಬಿದ್ದೆ.

ಅಲ್ಲಿಂದ ನನ್ನನ್ನು ಎತ್ತಿದವಳು ಕುಮುದಿನಿ ಬೀಳಗಿ. ಕೃಷಿ ಸಂಶೋಧನಾ ಕೇಂದ್ರವೊಂದರ ಕೀಟತಜ್ಞೆ. ಮಣ್ಣಿನಲ್ಲಿ ಅಡಗಿ ಬೆಳೆ ತಿನ್ನುವ ಗೊಣ್ಣೆಹುಳು, ಗೆದ್ದಲು, ಬಸವನಹುಳುಗಳನ್ನು ಹದ್ದುಬಸ್ತಿನಲ್ಲಿಡುವ ದಾರಿ ಹುಡುಕುವುದು ಆಕೆಯ ಕೆಲಸ. ಅಂಗಡಿಯವನು ಒಳ್ಳೆಯ ಚೀಲಗಳನ್ನು ತೋರಿಸಿದರೆ ಈಕೆ, ಕೊಳೆತ ವಾಸನೆಗೆ ಹುಳು ಬರುತ್ತವೆ ಎಂದು, ತೂತು ಬಿದ್ದ, ನಾರುವ ಚೀಲಗಳನ್ನೇ ಆರಿಸಿದಳು. ನನ್ನ ಬಾಳಿನಲ್ಲಿ ಮೊದಲ ಸಲ ನನ್ನ ವಾಸನೆಗೂ ಬೆಲೆ ಬಂತು. ಸಂತೋಷವಾಗದೆ ಇರುತ್ತದೆಯೇ?

ಆಕೆ ನಮ್ಮನ್ನು ಜೀಪಿಗೆ ಹಾಕಿಕೊಂಡು ಸವಣೂರಿನ ಕಡೆಯ ಒಂದು ಹಳ್ಳಿಗೆ ಹೋದಳು. ಅಲ್ಲಿ ಖಾಜಾಸಾಬ ಎಲಿಗಾರ ಮತ್ತು ಅವನ ಹೆಂಡತಿ ಜೈತುನಬಿಯ ವೀಳ್ಯದೆಲೆ ತೋಟವಿತ್ತು. ಬಾಗಿಲಲ್ಲೇ ಕುಮುದಿನಿ ಚಪ್ಪಲಿ ಬಿಟ್ಟಳು. ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಚೊಗಚೆ ಮರಗಳಿಗೆ ಹಬ್ಬಿದ ಬಳ್ಳಿಗಳ ನಡುವೆ ತಂಪು, ಮಬ್ಬು ಬೆಳಕು. ಆದರೆ ಎಲೆಗಳಲ್ಲಿ ಎಲ್ಲೆಲ್ಲೂ ಕಂಡಿ. ಚಿಗುರಂತೂ ಕಡ್ಡಿಯಷ್ಟೇ ಉಳಿದಿತ್ತು. ಮುಷ್ಟಿಗಾತ್ರದ ಆಫ್ರಿಕಾ ಬಸವನಹುಳುಗಳ ಕೆಲಸ ಅದು.

ಜೈತುನಬಿ ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕೊಟ್ಟದ್ದು ಎಲೆ ಕೊಯ್ಯುವ ಕಬ್ಬಿಣದ ಉಗುರು. ಅದನ್ನು ಹೆಬ್ಬೆರಳಿಗೆ ತೊಟ್ಟರೆ ಆಕೆಯ ಕೈ ಓಡುವುದನ್ನು ನೋಡಬೇಕು. ಆದರೆ ಖಾಜಾಸಾಬನಿಗೆ ಸಾಕಾಗಿಹೋಗಿತ್ತು.

"ಮ್ಯಾಡಮ್ಮಾರ, ಈ ಸಲ ಬಳ್ಳಿ ಇಳಿಸಿ ನೋಡ್ತೀನಿ. ಮತ್ತೂ ಹುಳ ತಿಂದ್ರ ಟ್ರ್ಯಾಕ್ಟರ್ ಹೊಡ್ಸಿ ಗ್ವಾವಿನಜ್ವಾಳ ಬಿತ್ತಾವ ನಾನು" ಎಂದ.

ಜೈತುನಬಿ ತೂತು ಬಿದ್ದ ಒಂದು ಎಲೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ನಿಂತಳು. ನಾನು ನೆಲದಲ್ಲಿ ಬಿದ್ದಿದ್ದೆ, ಆಕೆಯ ಮುಖ ಕೆಳಗಿನಿಂದ ಚೆನ್ನಾಗಿ ಕಾಣುತ್ತಿತ್ತು.

"ಔಷಧ ಹೊಡೀಲಿಕ್ಕೆ ಬರೂದಿಲ್ಲ. ಮಂದಿ ಹಸೀದೇ ತಿನ್ನೋ ಎಲಿ ಇದು. ಹುಳಾನ ಇವುಗಳ ಕೈಲೆ ಹಿಡಿಯೂಣು" ಎಂದು ಕುಮುದಿನಿ ನಮ್ಮನ್ನು ತೋರಿಸಿದಳು.

ಖಾಜಾಸಾಬ ನಮ್ಮನ್ನು ಕಾಲಿಂದ ಸರಿಸಿ ನೋಡಿದ. "ಆನಿ ಹೊಟ್ಟಿಗೆ ಅರೆಕಾಸಿನ ಮಜ್ಜಿಗಿ" ಎಂದ. ನನಗೆ ಸಿಟ್ಟು ಬಂತು. ಚೀಲದ ಸಿಟ್ಟು ಯಾರಿಗೆ ಕಾಣುತ್ತದೆ?

ಕೆಲಸ ಸರಳವಾಗಿತ್ತು. ಸಂಜೆ ನಮ್ಮನ್ನು ನೀರಿನಲ್ಲಿ ನೆನೆಸಿ, ಹುಳುಗಳಿಗೆ ಇಷ್ಟವಾದ ಪಪ್ಪಾಯಿ ಎಲೆಯ ಮೇಲೆ ಮುಚ್ಚಿ ಸಾಲಿನ ನಡುವೆ ಹಾಸುವುದು. ರಾತ್ರಿ ಮೇಯ್ದ ಹುಳುಗಳು ಬೆಳಗಾಗುವಾಗ ತಂಪಿಗೆಂದು ನಮ್ಮ ಅಡಿಗೆ ನುಗ್ಗುತ್ತಿದ್ದವು. ಅಂಟುಮೈಯ ಅತಿಥಿಗಳು, ಕಚಗುಳಿಯಾದರೂ ತಡೆದುಕೊಂಡು ಸುಮ್ಮನಿರುತ್ತಿದ್ದೆ. ಬೆಳಗ್ಗೆ ಕುಮುದಿನಿ ನಮ್ಮನ್ನು ಎತ್ತಿ, ಹುಳುಗಳನ್ನು ಎಣಿಸಿ, ಬಕೆಟ್ಟಿಗೆ ತುಂಬಿ ಖಾಜಾಸಾಬನ ಕೈಗೆ ಕೊಡುತ್ತಿದ್ದಳು. ಅವನ್ನು ಸಾಯಿಸಲೆಂದು ತೋಟದ ಬಾಗಿಲಲ್ಲೇ ಸಾಬೂನು ನೀರಿನ ಡ್ರಮ್ ಇಟ್ಟಿದ್ದಳು. "ಇವನ್ನ ಒಂದು ಗತಿ ಕಾಣಿಸ್ರಿ" ಎನ್ನುವಳು. "ಆತ್ರಿ" ಎಂದು ಅವನು ಹೊರಡುವನು.

ದಿನದಿಂದ ದಿನಕ್ಕೆ ಹುಳು ಕಡಿಮೆಯಾದವು. ಚಿಗುರು ಉಳಿಯತೊಡಗಿತು. ಜೈತುನಬಿ ಕೊಯ್ಯುವಾಗ ಸಣ್ಣಗೆ ಹಾಡತೊಡಗಿದಳು. ನಾವು ಚೀಲಗಳೂ ಸ್ವಲ್ಪ ಬೀಗಿದೆವೆಂದೇ ಹೇಳಬೇಕು.

ಮಳೆ ಕಡಿಮೆಯಾದ ಮೇಲೆ ಬಳ್ಳಿ ಇಳಿಸುವ ಕೆಲಸ ಬಂತು. ಎತ್ತರಕ್ಕೇರಿದ ಬಳ್ಳಿಯನ್ನು ಮರದಿಂದ ಬಿಡಿಸಿ, ಬುಡದಲ್ಲಿ ಸುತ್ತಿ, ಮೇಲೆ ಕೆರೆಯ ಗೋಡುಮಣ್ಣು ಹಾಕುತ್ತಾರೆ. ಆಗ ಬಳ್ಳಿಗೆ ಹೊಸ ಬೇರು ಬಂದು ಮತ್ತೆ ಪ್ರಾಯ ಬರುತ್ತದೆ. ಬೇಲಿಯಾಚೆ ಗೋಡುಮಣ್ಣಿನ ದೊಡ್ಡ ಗುಡ್ಡೆ ಇತ್ತು. ಅದನ್ನು ಬುಟ್ಟಿ ಬುಟ್ಟಿಯಾಗಿ ತಂದು ಸುರಿದರು.

ಅರ್ಧ ತಿಂಗಳೂ ಆಗಲಿಲ್ಲ. ಒಂದು ಬೆಳಗ್ಗೆ ನನ್ನನ್ನು ಎತ್ತಿದ ಕುಮುದಿನಿ ಹಾಗೆಯೇ ಕುಕ್ಕರಿಸಿದಳು. ನನ್ನ ಅಡಿಯಲ್ಲಿ ಕಡಲೆಕಾಳಿನ ಗಾತ್ರದ ಮರಿ ಬಸವನಹುಳುಗಳು ಗಿಜಿಗುಡುತ್ತಿದ್ದವು. ಎಲ್ಲ ಚೀಲಗಳ ಅಡಿಯಲ್ಲೂ ಅದೇ ಕಥೆ.

"ನಾ ಹೇಳಿದ್ದು ಇದನ್ನ" ಎಂದ ಖಾಜಾಸಾಬ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯವಾಯಿತು. "ಟ್ರ್ಯಾಕ್ಟರ್‌ನವಗ ಹೇಳಿಬಿಡ್ತೀನಿ. ಮುಂದಿನ ಶುಕ್ರವಾರ ಆದ ಮ್ಯಾಲೆ ಬರ್ತಾನ."

"ಅಲ್ಲೀತನಕ ಟೈಮ್ ಕೊಡ್ರಿ" ಎಂದಳು ಕುಮುದಿನಿ.

ತೋಟದಲ್ಲಿ ದೊಡ್ಡ ಹುಳು ಎಷ್ಟಿವೆ ಎಂದು ಅಂದಾಜು ಮಾಡಲು ಆಕೆ ಪೇಟೆಯ ಬಳೆ ಅಂಗಡಿಯಿಂದ ಕೆಂಪು ಉಗುರುಬಣ್ಣ ತಂದಳು. ಸಿಕ್ಕ ಹುಳುಗಳ ಚಿಪ್ಪಿನ ಮೇಲೆ ಒಂದೊಂದು ಚುಕ್ಕೆ ಇಟ್ಟು ತೋಟದಲ್ಲೇ ಬಿಟ್ಟಳು. ಮತ್ತೆ ಹಿಡಿದಾಗ ಚುಕ್ಕೆಯವು ಎಷ್ಟು, ಇಲ್ಲದವು ಎಷ್ಟು ಎಂದು ನೋಡಿದರೆ ಲೆಕ್ಕ ಸಿಗುತ್ತದೆಯಂತೆ. ಜೈತುನಬಿ ಪಕ್ಕದಲ್ಲಿ ಕುಳಿತು ನಕ್ಕಳು. "ನನ್ನ ಮದುವಿಗೂ ಯಾರೂ ಇಷ್ಟು ಸಿಂಗಾರ ಮಾಡಿರಲಿಲ್ಲ ನೋಡ್ರಿ." ಟ್ರ್ಯಾಕ್ಟರಿನ ಮಾತಾದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ಚುಕ್ಕೆಯವು ಒಂದೂ ಬಿಡದೆ ಮರುದಿನ ನಮ್ಮ ಅಡಿಯಲ್ಲಿ ಸಿಕ್ಕವು. ಲೆಕ್ಕ ಮುಗಿದ ಮೇಲೆ ಕುಮುದಿನಿ ಎಂದಿನಂತೆ ಅವನ್ನು ಬಕೆಟ್ಟಿಗೆ ಹಾಕಿ ಖಾಜಾಸಾಬನಿಗೆ ಕೊಟ್ಟಳು. ಎರಡು ದಿನ ಬಿಟ್ಟು ಬೇಲಿಯ ಬದಿಯಲ್ಲಿದ್ದ ನನ್ನನ್ನು ಎತ್ತಿದಾಗ, ಕೆಂಪು ಚುಕ್ಕೆಯ ಹುಳುವೊಂದು ಆರಾಮಾಗಿ ಕೊಂಬು ಚಾಚಿ ಕುಳಿತಿತ್ತು.

ಕುಮುದಿನಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. "ಇದು ಸತ್ತಿರಬೇಕಿತ್ತಲ್ಲ ಎಲಿಗಾರರ? ನಾ ಕೊಟ್ಟ ಹುಳ ಎಲ್ಲಿ ಹಾಕಿದ್ರಿ?"

"ಬೇಲಿ ಆಚೆ ಒಗದೀನ್ರಿ."

"ಸಾಬೂನು ನೀರಿಗೆ ಹಾಕಲಿಲ್ಲೇನು?"

ಖಾಜಾಸಾಬ ಕಣ್ಣು ತಗ್ಗಿಸಿದ. "ಡ್ರಮ್ ತ್ವಾಟದ ಬಾಗಲದಾಗೇ ಇಟ್ಟಿದ್ರಿ. ತ್ವಾಟದ ನೆಲದಾಗ ಜೀವ ತಗೀಬಾರ್ದು ಅಂತ ನಮ್ಮಪ್ಪ, ಅವರಪ್ಪ ಎಲ್ಲಾರೂ ನಡ್ಸಿಕೊಂಡು ಬಂದಾರ. ಹಾವು ಬಂದ್ರೂ ಹೊರಗ ಹಾಯಿಸಿ ಬಿಡಾವ್ರು ನಾವು. ಒಗದ್ರ ಹೋದ್ವು ಅಂತ ತಿಳಕೊಂಡಿದ್ದೆ."

"ಬೇಲಿ ಆಚೆ ಅಂದ್ರ... ಗೋಡುಮಣ್ಣಿನ ಮ್ಯಾಲೆ?" ಎಂದಳು ಜೈತುನಬಿ.

ಮೂವರೂ ಓಡಿದರು. ಕುಮುದಿನಿಯ ಹೆಗಲ ಮೇಲೆ ನಾನೂ ಇದ್ದೆ; ಕೆಳಗಿಡಲು ಆಕೆಗೆ ನೆನಪೇ ಆಗಲಿಲ್ಲ. ಉಳಿದ ಗುಡ್ಡೆ ತೇವವಾಗಿತ್ತು, ಮೇಲೆಲ್ಲ ಕಳೆ ಬೆಳೆದಿತ್ತು. ಅಲ್ಲಲ್ಲಿ ಕೆಂಪು ಚುಕ್ಕೆಗಳು. ಜೈತುನಬಿ ಒಂದು ಹೆಂಟೆ ಒಡೆದಳು. ಒಳಗೆ ನೆನೆದ ಸಾಬೂದಾನಿಯಂತೆ ತಿಳಿಹಳದಿ ಮೊಟ್ಟೆಗಳ ಗೊಂಚಲು. ಎಷ್ಟು ಕಾಲದಿಂದಲೋ ಆ ಮನೆಯವರು ತೋಟಕ್ಕೆ ಮರ್ಯಾದೆ ಕೊಟ್ಟು ಹುಳುವನ್ನು ಹೊರಗೆ ಒಗೆಯುತ್ತಿದ್ದರು. ಬಳ್ಳಿ ಇಳಿಸುವಾಗ ಅದರ ಮರಿಮಕ್ಕಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಒಳಗೆ ತರುತ್ತಿದ್ದರು.

ಖಾಜಾಸಾಬ ಗುಡ್ಡೆಯ ಪಕ್ಕದಲ್ಲಿ ಕುಳಿತುಬಿಟ್ಟ. "ಅಂದ್ರ ನಾನ ತಂದು ಹಾಕೀನಿ."

"ನಾನೂ ಒಂದು ದಿನ ನಿಮ್ಮ ಹಿಂದ ಬಂದು ನೋಡಲಿಲ್ಲ" ಎಂದಳು ಕುಮುದಿನಿ. "ಈಗ ಗೊತ್ತಾತು. ಇದು ಒಳ್ಳೇ ಸುದ್ದಿನ."

ಮರುದಿನದಿಂದ ಕೆಲಸವೋ ಕೆಲಸ. ಗುಡ್ಡೆಯನ್ನು ಒಡೆದು, ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿದರು. ತೋಟದ ಪದ್ಧತಿಯನ್ನು ಯಾರೂ ಮುರಿಯಲಿಲ್ಲ. ಸಾಬೂನು ನೀರಿನ ಡ್ರಮ್ ದೂರದ ದಾರಿಯ ಬದಿಗೆ ಹೋಯಿತು. ಹೆಂಗಸರಿಬ್ಬರೂ ಒಂದೊಂದೇ ಬಳ್ಳಿಯ ಬುಡ ಕೆದಕಿ ಮೊಟ್ಟೆ ಆರಿಸಿದರು. ಮರಿಗಳನ್ನು ಹಿಡಿಯುವುದು ನಮ್ಮ ಪಾಲಿಗೆ ಬಂತು. ಶುಕ್ರವಾರ ಕಳೆಯಿತು. ಟ್ರ್ಯಾಕ್ಟರಿನವನು ಬಂದು ಕೂಗಿದ. ಖಾಜಾಸಾಬ ಹೊರಗೆ ಹೋಗಿ, "ಇನ್ನೊಂದು ಮಳಿ ನೋಡ್ತೀನಪಾ" ಎಂದು ಚಹಾ ಕುಡಿಸಿ ಕಳಿಸಿದ. ಆ ಇನ್ನೊಂದು ಮಳೆಗಾಗಿ ಜೈತುನಬಿ ಕಾದಂತೆ ನಾನು ಯಾರೂ ಕಾದದ್ದನ್ನು ಕಂಡಿಲ್ಲ.

ಮಳೆ ಬಂತು. ಬೆಳಗ್ಗೆ ಜೈತುನಬಿ ನನ್ನನ್ನು ಎತ್ತಿದಳು. ಕೆಳಗೆ ಒಂದು ಕಪ್ಪೆ ಮಾತ್ರ ಇತ್ತು, ಅದೂ ನಾಚಿಕೊಂಡು ಹಾರಿತು. ಪಕ್ಕದ ಚೀಲದ ಅಡಿ ಎರಡು ಹುಳು, ಅದರಾಚೆಯದರಲ್ಲಿ ಏನೂ ಇಲ್ಲ. ಆಕೆ ಮೂಲೆಯವರೆಗೂ ಎತ್ತುತ್ತ ಹೋಗಿ, ತಿರುಗಿ ಬಂದು, ನನ್ನ ಮೇಲೆಯೇ ಕುಳಿತು ಅತ್ತಳು.

ಆಮೇಲೆ ಕುಮುದಿನಿ ನನ್ನನ್ನು ಬೇರೆ ಊರುಗಳಿಗೂ ಒಯ್ದಳು. ಹಿಪ್ಪುನೇರಳೆ ತೋಟ, ಪಪ್ಪಾಯಿ ತೋಟ, ಎಲ್ಲ ಕಡೆ ನೆನೆದೆ. ಈಗ ಆಕೆ ಯಾವ ತೋಟಕ್ಕೆ ಹೋದರೂ ಮೊದಲು ಕೇಳುವ ಮಾತು ಒಂದೇ: "ಹಿಡದ ಹುಳ ಎಲ್ಲಿ ಹಾಕ್ತೀರಿ?" ನೆನೆದೂ ಒಣಗಿಯೂ ನನ್ನ ನಾರು ಸಡಿಲವಾಯಿತು, ಮುಟ್ಟಿದರೆ ಕೈಗೆ ಬರುವಂತಾಯಿತು. ಸಂಶೋಧನಾ ಕೇಂದ್ರದಲ್ಲಿ ಕಸಕ್ಕೆ ಹಾಕಲು ಹೊರಟವರನ್ನು ತಡೆದು ಕುಮುದಿನಿ ನನ್ನನ್ನು ಎಲಿಗಾರರ ತೋಟಕ್ಕೇ ತಂದುಕೊಟ್ಟಳು.

ಅಲ್ಲಿ ಖಾಜಾಸಾಬ ಗೋವಿನಜೋಳಕ್ಕೆಂದು ಇಟ್ಟುಕೊಂಡಿದ್ದ ಪಕ್ಕದ ತುಂಡುನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಲೆಬಳ್ಳಿಯ ತುಂಡುಗಳನ್ನು ನೆಡುತ್ತಿದ್ದ. ನೆಲದ ತೇವ ಆರದಿರಲೆಂದು ನನ್ನನ್ನು ಬಿಡಿಸಿ ಒಂದು ಸಾಲಿನ ಮೇಲೆ ಹಾಸಿದ.

"ಇವು ಕೈಗೆ ಬರಾಕ ವರ್ಷ ಮ್ಯಾಲೆ ಬೇಕು" ಎಂದ. ಪಕ್ಕದಲ್ಲಿ ತುಂಡುಗಳನ್ನು ಹಿಡಿದು ನಿಂತ ಜೈತುನಬಿಯನ್ನು ನೋಡಿ, "ಅಲ್ಲೀತನಕ ತ್ವಾಟ ಇರತೈತಿ ಅಂತೀಯೇನು?" ಎಂದು ಕೇಳಿದ.

ಜೈತುನಬಿ ಇನ್ನೊಂದು ತುಂಡು ಅವನ ಕೈಗೆ ಕೊಟ್ಟಳು. "ನೆಲಕ್ಕ ಕುಂತು ಬಳ್ಳಿ ನಡಾವ್ರು ನೀವು. ನನ್ನೇನು ಕೇಳ್ತೀರಿ?"

ನನ್ನ ಮೈ ಈಗ ಅರ್ಧ ಮಣ್ಣಾಗಿದೆ. ಗೋಧಿ ಹೊತ್ತಾಗ, ಆಲೂಗಡ್ಡೆ ಹೊತ್ತಾಗ ನಾನು ತುಂಬಿದ್ದೆ ನಿಜ, ಆದರೆ ಆ ದಿನಗಳ ಬಗ್ಗೆ ಹೇಳಿಕೊಳ್ಳಲು ನನಗೆ ಹೆಚ್ಚೇನೂ ಇಲ್ಲ. ಮೊನ್ನೆ ನನ್ನ ಎಳೆಗಳ ನಡುವೆ ಬಿಳಿಯ ಎಳೆಬೇರೊಂದು ತೂರಿ ಕೆಳಗಿಳಿಯಿತು. ನಾನು ದಾರಿ ಬಿಟ್ಟೆ.