ಡೆಸ್‌ನ ಪಬ್ಬಿನ ಟಿವಿ

"ಈ ಟಿವಿ ಆರಿಸಿದ ದಿನವೇ ನಾನಿಲ್ಲಿ ಹಾಡೋದು. ಅಲ್ಲೀತನಕ ಒಂದು ಸಾಲೂ ಹಾಡಲ್ಲ, ಬರೆದಿಟ್ಕೋ!"

ಮೆರಿನ್ ಟಲಕ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಗಿಟಾರನ್ನು ಹೆಗಲಿಗೇರಿಸಿಕೊಂಡು ಆಡಿದ ಮಾತು ಇದು. ಆಸ್ಟ್ರೇಲಿಯಾದ ವಿಮ್ಮೆರಾ ಬಯಲಿನ ಗೋಧಿ ಬೆಳೆಯುವ ಊರು, ಡೆಸ್ ಹ್ಯಾನ್ರಹನ್‌ನ ಪಬ್ಬು. ಅವಳ ಹಾಡಿನ ನಟ್ಟನಡುವೆ ಟಿವಿಯಲ್ಲಿ ಬಿದ್ದ ಫುಟ್ಬಾಲಿನ ಗೋಲೊಂದಕ್ಕೆ ಇಡೀ ಪಬ್ಬು ಎದ್ದು ಕುಣಿದಿತ್ತು. "ಆಗ್ಲಿ ಕಣಮ್ಮ, ಟಿವಿ ಸತ್ತಾಗ ಹೇಳಿ ಕಳಿಸ್ತೀನಿ" ಎಂದು ಡೆಸ್ ನಕ್ಕಿದ್ದ.

ಆಮೇಲೆ ಅವಳು ಜರ್ಮನಿ ಸೇರಿದಳು. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡು ಬರೆದು, ತಾನೇ ರೆಕಾರ್ಡು ಮಾಡಿ, ತಾನೇ ವ್ಯಾನು ಓಡಿಸಿ ಊರೂರು ತಿರುಗಿದಳು. ಲೈಪ್‌ಜಿಗ್‌ನ ಹಲ್ಲಿನ ಡಾಕ್ಟರರ ನಡುಮನೆ, ಹ್ಯಾಂಬರ್ಗಿನ ಪುಸ್ತಕದಂಗಡಿ, ಬ್ರೆಮೆನ್‌ನ ಬತ್ತಿದ ಈಜುಕೊಳ. ಎಲ್ಲಿ ಹಾಡಿದರೂ ಜನ ಸಾಲಾಗಿ ಕೂತು, ಬಂದ ಕೆಮ್ಮನ್ನೂ ನುಂಗಿಕೊಂಡು ಕೇಳಿದರು. ಹಾಡುಗಳೆಲ್ಲ ತನ್ನೂರಿನವೇ: ಕಣಜ, ಧೂಳು, ಡೆಸ್‌ನ ಪಬ್ಬು. ಆ ಮೌನ ಅವಳ ತಲೆಗೇರಿತು. ಊರಿನವರೆಂದರೆ ಕಿವಿಯಿದ್ದೂ ಕಿವುಡಾದ ಕುರಿಮಂದೆ ಎಂದೇ ಅವಳ ಲೆಕ್ಕ. ಆದರೂ ಆ ಮಂದೆ ಒಂದೇ ಒಂದು ಸಲ ತಲೆಯೆತ್ತಿ ತನ್ನನ್ನು ಕೇಳಬೇಕು ಎಂಬ ಆಸೆ ಹನ್ನೊಂದು ವರ್ಷವಾದರೂ ಬಿಟ್ಟಿರಲಿಲ್ಲ.

ಈಗ ಊರಿಗೆ ಬಂದಿದ್ದಳು. ಈ ಶನಿವಾರ ಡೆಸ್ ಬಾಗಿಲಿಗೆ ಬೋರ್ಡು ಹಾಕಿದ್ದ: 'ಯುರೋಪಿನಿಂದ ನೇರವಾಗಿ, ನಮ್ಮ ಮೆರಿನ್!' ಪಬ್ಬು ತುಂಬಿತ್ತು. ಟಿವಿ ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗಿತ್ತು. ಅದರಲ್ಲಿ ಆಸ್ಟ್ರೇಲಿಯನ್ ಫುಟ್ಬಾಲಿನ ಸೆಮಿಫೈನಲ್.

"ಆರಿಸು, ಡೆಸ್."

"ದನಿ ನಿಲ್ಲಿಸಿದೀನಲ್ಲಮ್ಮ. ಚಿತ್ರ ಇದ್ರೆ ನಿನ್ನ ಗಂಟಲಿಗೇನು ಅಡ್ಡ?"

"ಬ್ರೆಮೆನ್ನಲ್ಲಿ ನಾನು ಹಾಡುವಾಗ ಬಿಯರ್ ಲೋಟ ಎತ್ತೋಕೂ ಹೆದರ್ತಿದ್ರು."

"ಅಯ್ಯೋ ಪಾಪ! ಮತ್ತೆ ಕುಡೀತಿದ್ದುದು ಯಾವಾಗ?"

ಹತ್ತಿರದ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡೆಸ್ ಅವಳ ಮೈಕನ್ನೇ ಕಿತ್ತುಕೊಂಡು ಪಬ್ಬಿನ ವಾರದ ಲಾಟರಿಯ ನಂಬರು ಕೂಗಿದ; ಬಹುಮಾನ ಒಂದು ತಟ್ಟೆ ಮಾಂಸ. ಗೆದ್ದವನು ಸಾಸೇಜಿನ ತಟ್ಟೆಯನ್ನು ಮಗುವಿನಂತೆ ಎದೆಗವಚಿಕೊಂಡು, "ಮಹಾರಾಣಿಯವರು ಬಾಯಿ ಬಿಡೋದು ಯಾವಾಗ?" ಅಂದ. ಮೆರಿನ್ ಅವನನ್ನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುವಂತೆ ನೋಡಿದಳು.

ಮಧ್ಯಂತರ ಬಂತು. ಒಬ್ಬೊಬ್ಬರಾಗಿ ಕುರ್ಚಿಗಳನ್ನು ಅವಳ ಕಡೆ ತಿರುಗಿಸಿಕೊಂಡರು. ಯಾರೋ "ಶ್" ಎಂದರು. ಟಿವಿಯಲ್ಲಿ ಟ್ರ್ಯಾಕ್ಟರಿನ ಜಾಹೀರಾತು ಮೂಕವಾಗಿ ಓಡುತ್ತಿತ್ತು.

"ಹಾಡು ಕಣೇ, ಎಲ್ರೂ ನಿನ್ನೇ ನೋಡ್ತಿದಾರೆ" ಎಂದಳು ಮುಂದಿನ ಮೇಜಿನಲ್ಲಿ ಕೂತಿದ್ದ ತಾಯಿ ಗ್ಲೆನಿಸ್.

"ಟಿವಿ ಇನ್ನೂ ಉರೀತಿದೆ, ಅಮ್ಮ."

"ಉರೀಲಿ ಬಿಡೇ! ಆ ಜರ್ಮನಿಯವರು ನಿನ್ನ ಮಾತು ಅರ್ಥವಾಗದೆ ಸುಮ್ನೆ ಕೂತಿದ್ರು. ಇವರಿಗೆ ಅರ್ಥವಾಗುತ್ತೆ."

ಮೆರಿನ್ ಕೈಕಟ್ಟಿ ನಿಂತಳು. ಆಟ ಮತ್ತೆ ಶುರುವಾಯಿತು. ಕುರ್ಚಿಗಳು ಮತ್ತೆ ಟಿವಿಯ ಕಡೆ ತಿರುಗಿದವು.

ಊರಿನ ಮೆಚ್ಚಿನ ತಂಡ ಸೋತಿತು. "ಥೂ, ದರಿದ್ರ!" ಎಂದು ಡೆಸ್ ರಿಮೋಟು ಒತ್ತಿದ, ಪರದೆ ಕಪ್ಪಾಯಿತು. "ತಗೋಮ್ಮ, ಆರ್ತು. ಹಾಡು ಈಗ."

ಜನ ಅಂಪೈರಿಗೆ ಬೈಯುತ್ತ ಜಾಕೀಟು ಹಾಕಿಕೊಂಡು ಹೊರಟರು. ಸಾಸೇಜಿನವನು ಬೇಸರದಲ್ಲಿ ತಟ್ಟೆಯನ್ನೂ ಮರೆತು ಹೋದ. ತಾಯಿ, ಕುರ್ಚಿ ಪೇರಿಸುವ ಡೆಸ್, ಆ ತಟ್ಟೆ, ಇಷ್ಟರ ಮುಂದೆ ಮೆರಿನ್ ಊರಿನ ಹಾಡನ್ನು ಹಾಡಿದಳು.

ಟಿವಿ ಆರಿತ್ತು. ಅವಳು ಮಾತು ಉಳಿಸಿಕೊಂಡಳು.