ಎದೆಯವರೆಗಿನ ಚಿತ್ರ

ಹಲಸೂರಿನ ಆ ಸ್ಟುಡಿಯೊದಲ್ಲಿ ಗುಲ್ಷನ್ ನಾಲ್ಕು ವರ್ಷ ಪಾಸ್‌ಪೋರ್ಟ್ ಫೋಟೊ ಕತ್ತರಿಸಿದ್ದಳು. ದಿನಕ್ಕೆ ಅರವತ್ತು ಎಪ್ಪತ್ತು ಮುಖ, ಒಂದೊಂದೂ ಎಂಟು ಪ್ರತಿ. ಕಟರ್ ಹಿಡಿ ಎತ್ತುವುದು, ಇಳಿಸುವುದು, ಕವರಿಗೆ ಹಾಕಿ ಹೆಸರು ಬರೆಯುವುದು. 2006ರ ಬೇಸಿಗೆಯಲ್ಲಿ ಮಾಲೀಕ ಕೃಷ್ಣಸ್ವಾಮಿ ಅವಳನ್ನು ಅಲ್ಲಿಂದ ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿದ.

ಅದು ಅಭಿಮಾನದಿಂದ ಮಾಡಿದ್ದಲ್ಲ. ಇಂದಿರಾನಗರದಲ್ಲಿ ಹೊಸದಾಗಿ ತೆರೆದ ಲ್ಯಾಬೊಂದು ಫೋಟೊಗಳನ್ನು ತೈಲಚಿತ್ರದ ಹಾಗೆ ಮಾಡಿಕೊಡುತ್ತಿತ್ತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರತೊಡಗಿದ್ದರು. ಮಾರತ್ತಹಳ್ಳಿಯಲ್ಲಿ ಇದೇ ಕೆಲಸದ ಡಿಪ್ಲೊಮಾ ಮುಗಿಸಿದ್ದ ವಿಶ್ರುತ್ ಎಂಬವನನ್ನು ಕೃಷ್ಣಸ್ವಾಮಿ ಕಂಡು ಬಂದ. ಅವನು ಕೇಳಿದ ಸಂಬಳಕ್ಕೆ ಬೆಚ್ಚಿ, ಅವನ ಬದಲು ನಾಲ್ಕು ತರಬೇತಿ ಸೀಡಿಗಳ ಸೆಟ್ಟೊಂದನ್ನು ತಂದ.

"ಮೂರು ತಿಂಗಳು ಟೈಮು," ಅಂದ. "ಕಲಿತ್ರೆ ಈ ಕುರ್ಚಿ ನಿಂದು. ಇಲ್ಲಾಂದ್ರೆ ವಿಶ್ರುತ್ ಬರ್ತಾನೆ, ನೀನು ಮತ್ತೆ ಕಟರ್‌ಗೆ."

ಕಟರ್‌ಗೆ ಮರಳುವುದೆಂದರೆ ಏನೆಂದು ಗುಲ್ಷನ್‌ಗೆ ಚೆನ್ನಾಗಿ ಗೊತ್ತಿತ್ತು. ಆ ಕೆಲಸವನ್ನು ಯಾರು ಬೇಕಾದರೂ ಎರಡು ದಿನದಲ್ಲಿ ಕಲಿಯಬಹುದು. ಶಿವಾಜಿನಗರದ ಮನೆಯಲ್ಲಿ ಅವಳ ತಾಯಿ ನೂರ್‌ಜಹಾನ್ ಆಗಲೇ "ಶಾದಿ ತಕ್ ಕರ್ ಲೇ, ಬಸ್", ಮದುವೆವರೆಗೆ ಮಾಡು, ಸಾಕು, ಎನ್ನತೊಡಗಿದ್ದಳು. ಮದುವೆ ಗೊತ್ತಾದ ದಿನ ಕಟರ್‌ನವಳನ್ನು ಬಿಡಿಸಿದರೆ ಯಾರೂ ಯಾಕೆಂದು ಕೇಳುವುದಿಲ್ಲ. ಬೇರೆಯವರಿಗೆ ಬಾರದ ಕೆಲಸ ಬಲ್ಲವಳನ್ನು ಬಿಡಿಸುವ ಮುಂಚೆ ಅತ್ತೆಮನೆಯವರೂ ಒಮ್ಮೆ ಲೆಕ್ಕ ಹಾಕುತ್ತಾರೆ. ಅವಳ ಆಸೆ ಅಷ್ಟೇ ಇತ್ತು. ಕಲೆ ಗಿಲೆ ಅವಳ ತಲೆಯಲ್ಲಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಬಂದು ಅರ್ಧ ಶಟರ್ ಎತ್ತಿ ಸೀಡಿ ಹಾಕುತ್ತಿದ್ದಳು. ಪರದೆಯ ಮೇಲೆ ಬಿಳಿ ಗಡ್ಡದ ಅಮೆರಿಕದವನೊಬ್ಬ ಬರುತ್ತಿದ್ದ. ಅವನ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಮೊದಲ ವಾರ ಮಾತು ಕೇಳಲು ಹೆಣಗಿದಳು. ಎರಡನೆಯ ವಾರ ಸ್ಪೀಕರ್ ಆರಿಸಿ ಅವನು ಕುಂಚ ಓಡಿಸುವುದನ್ನು ಮಾತ್ರ ನೋಡಿದಳು. ಹತ್ತು ಸೆಕೆಂಡ್ ನೋಡುವುದು, ನಿಲ್ಲಿಸುವುದು, ತಾನೂ ಮಾಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು.

ಉಪಾಯ ಸರಳವಾಗಿತ್ತು. ಕೆಳಗೆ ಫೋಟೊ, ಅದರ ಮೇಲೆ ಟ್ರೇಸಿಂಗ್ ಪೇಪರಿನ ಹಾಗೆ ಖಾಲಿ ಹಾಳೆ. ಕುಂಚ ಹಾಯ್ದ ಕಡೆಯೆಲ್ಲ ಫೋಟೊದ ಬಣ್ಣವೇ ಮೇಲೆದ್ದು ಬರುತ್ತದೆ. ಮೊದಲು ದಪ್ಪ ಕುಂಚ, ಆಮೇಲೆ ಸಣ್ಣದು. ಕೆನ್ನೆಯಲ್ಲಿ ದುಂಡಗೆ, ಮೂಗಿನ ಮೇಲೆ ಉದ್ದಕ್ಕೆ, ಕೂದಲಿಗೆ ಕೂದಲು ಹೋದ ದಾರಿಯಲ್ಲೇ. ಹೇಳುವಾಗ ಸರಳ. ಅವಳ ಮೊದಲ ಪ್ರಯತ್ನ ನೋಡಿ ಕೃಷ್ಣಸ್ವಾಮಿ, "ಏನಮ್ಮಾ ಇದು, ಮುಖಕ್ಕೆ ಚಪಾತಿ ಹಿಟ್ಟು ಮೆತ್ತಿದ್ದೀಯಾ?" ಎಂದಿದ್ದ. ಆರನೆಯ ವಾರದ ಹೊತ್ತಿಗೆ ಹಿಟ್ಟು ಹೋಗಿ ಚರ್ಮ ಬಂತು. ಎಂಟನೆಯ ವಾರ ಕಣ್ಣು ಬಂತು.

ಗಡ್ಡದವನು ಒಂದು ಮಾತನ್ನು ನಾಲ್ಕು ಸೀಡಿಯಲ್ಲೂ ಬಿಡದೆ ಹೇಳಿದ್ದ, ಅದು ಮಾತ್ರ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಗಮನ ಬೇರೆಡೆ ಸೆಳೆಯುವುದನ್ನೆಲ್ಲ ತೆಗೆದುಹಾಕಿ. ಹಿಂದಿನ ಗೋಡೆ, ಕುರ್ಚಿ, ಕೈಯಲ್ಲಿರುವ ವಸ್ತು, ಏನೂ ಬೇಡ. ಅಂಚು ಕತ್ತಲಾಗಲಿ, ಭುಜ ಆ ಕತ್ತಲಲ್ಲಿ ಕರಗಲಿ, ತಲೆಯ ಹಿಂದೆ ತುಸು ಬೆಳಕಿರಲಿ. ಉಳಿಯಬೇಕಾದ್ದು ಮುಖವೊಂದೇ.

ಗಡುವು ಮುಗಿಯಲು ಎರಡು ವಾರವಿದ್ದಾಗ ಮೊದಲ ಆರ್ಡರ್ ಬಂತು. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಸುದರ್ಶನ್ ಎಂಬ ಫೋರ್‌ಮನ್ ನಿವೃತ್ತನಾಗುವವನಿದ್ದ. ಅವನ ವಿಭಾಗದವರು ಬೀಳ್ಕೊಡುಗೆಗೆ ಗೋಡೆ ಗಡಿಯಾರದ ಬದಲು ಅವನದೇ ಚಿತ್ರ ಕೊಡಬೇಕೆಂದು ತೀರ್ಮಾನಿಸಿ, ಅವನಿಗೆ ಗೊತ್ತಾಗದ ಹಾಗೆ ಒಂದು ಫೋಟೊ ಸಂಪಾದಿಸಿ ತಂದಿದ್ದರು. ಕ್ಯಾಂಟೀನಿನ ಮುಂದೆ ಕೈಯಲ್ಲಿ ಟೀ ಲೋಟ ಹಿಡಿದು ನಿಂತ ಮನುಷ್ಯ, ಹಿಂದೆ ಸೈಕಲ್ ಸ್ಟ್ಯಾಂಡು.

"ಇದು ಪಾಸಾದ್ರೆ ನೀನು ಪಾಸು," ಅಂದ ಕೃಷ್ಣಸ್ವಾಮಿ.

ಗುಲ್ಷನ್ ಟೀ ಲೋಟ ತೆಗೆದಳು. ಲೋಟ ಹೋದ ಮೇಲೆ ಕೈಗೆ ಕೆಲಸವಿರಲಿಲ್ಲ, ಕೈಯನ್ನೂ ತೆಗೆದು ಚಿತ್ರವನ್ನು ಎದೆಯವರೆಗೆ ನಿಲ್ಲಿಸಿದಳು. ಸೈಕಲ್ ಸ್ಟ್ಯಾಂಡು ಹೋಗಿ ಕಂದು ಕತ್ತಲು ಬಂತು. ತಲೆಯ ಹಿಂದೆ ಬೆಳಕು. ಮುಖದ ಕೆಲಸಕ್ಕೆ ಒಂಬತ್ತು ದಿನ ಕೂತಳು. ಎಡಗಣ್ಣಿನ ಕೆಳಗಿನ ಚೀಲ, ಮೀಸೆಯಲ್ಲಿ ಬಣ್ಣ ಹಚ್ಚಿದ ಕೂದಲು ಮತ್ತು ಹಚ್ಚದೆ ಬಿಟ್ಟ ಕೂದಲು, ನಗಬೇಕೋ ಬೇಡವೋ ಎಂದು ನಿಂತ ತುಟಿ, ಎಲ್ಲವೂ ಬಂದವು. ಮುಗಿದ ದಿನ ಅವಳಿಗೇ ಒಂದು ಕ್ಷಣ ಆ ಮನುಷ್ಯ ಏನೋ ಹೇಳಲು ಬಾಯಿ ತೆರೆಯುತ್ತಾನೆ ಅನ್ನಿಸಿತು. ಕೃಷ್ಣಸ್ವಾಮಿ ಮದುವೆ ಶೂಟಿಂಗಿಗೆ ಹೊರಟ ಅವಸರದಲ್ಲಿದ್ದ. ಕಣ್ಣಿನ ಭಾಗವನ್ನಷ್ಟೇ ದೊಡ್ಡದು ಮಾಡಿ ನೋಡಿ, "ಭೇಷ್, ರೆಪ್ಪೆ ಕೂಡ ಬಂದಿದೆ," ಎಂದು ಹೊರಟುಹೋದ. ಪ್ರಿಂಟು ಫ್ರೇಮಿನವನ ಬಳಿ ಹೋಗಿ, ಚಿನ್ನದ ಬಣ್ಣದ ಪಟ್ಟಿ ಮತ್ತು ಗಾಜು ಹೊತ್ತು, ಅಲ್ಲಿಂದ ನೇರ ಕಾರ್ಖಾನೆ ಸೇರಿತು.

ಎರಡು ದಿನ ಬಿಟ್ಟು ಸುದರ್ಶನ್ ಮತ್ತು ಅವನ ಹೆಂಡತಿ ವೇದಾ ಆಟೊದಲ್ಲಿ ಬಂದಿಳಿದರು. ಫ್ರೇಮನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಚಿತ್ರ ಒಳಮುಖವಾಗಿ ಎದೆಗೊತ್ತಿ ಹಿಡಿದುಕೊಂಡಿದ್ದಳು ವೇದಾ. ಕೌಂಟರ್ ಮೇಲೆ ಮಗುಚಿ ಇಟ್ಟಳು.

"ಯಾರು ಮಾಡಿದ್ದು ಇದನ್ನ?"

ಕೃಷ್ಣಸ್ವಾಮಿ ಹೊಗಳಿಕೆ ಎಂದುಕೊಂಡು ಹಲ್ಲು ಬಿಟ್ಟ. "ನಮ್ಮ ಹುಡುಗೀನೇ ಮೇಡಂ. ಪೂರ್ತಿ ಕೈಕೆಲಸ."

"ಬದುಕಿರೋ ಮನುಷ್ಯನ್ನ ಗೋಡೆಗೆ ಹಾಕ್ಬಿಟ್ಟಿದ್ದಾಳಲ್ಲ ನಿಮ್ಮ ಹುಡುಗಿ!" ವೇದಾ ಫ್ರೇಮನ್ನು ತಿರುಗಿಸಿದಳು.

ಕೃಷ್ಣಸ್ವಾಮಿ ಚಿತ್ರವನ್ನು ಇಡಿಯಾಗಿ ನೋಡಿದ್ದು ಆಗಲೇ. ಹಲ್ಲು ಒಳಗೆ ಹೋಯಿತು. ಕತ್ತಲಿನಿಂದ ಮೇಲೆದ್ದ ಮುಖ, ತಲೆ ಹಿಂದೆ ಪ್ರಭೆ, ಚಿನ್ನದ ಪಟ್ಟಿ. ಕೆಳಗೊಂದು ಪುಟ್ಟ ಬಲ್ಬು ಸಿಕ್ಕಿಸುವುದಷ್ಟೇ ಬಾಕಿ.

"ಅದು ಸಾಲ್ದು ಅಂತ ಫಂಕ್ಷನ್‌ನಲ್ಲಿ ನಂಗೆ ಹಾಕಿದ ಗಂಧದ ಹಾರಾನ ಯಾರೋ ಅದರ ಮೂಲೆಗೆ ನೇತು ಹಾಕಿದ್ರು," ಅಂದ ಸುದರ್ಶನ್. ಅವನಿಗೆ ಸಿಟ್ಟಿದ್ದಂತೆ ಕಾಣಲಿಲ್ಲ. "ಮನೇಲಿ ಸೋಫಾ ಮೇಲೆ ಒರಗ್ಸಿಟ್ಟು ನಾನು ಸ್ನಾನಕ್ಕೆ ಹೋದೆ. ಪಕ್ಕದ್ಮನೆ ಅಂಜಿನಮ್ಮ ಪಾತ್ರೆ ವಾಪಸ್ ಕೊಡೋಕೆ ಬಂದೋಳು ಬಾಗಿಲಲ್ಲೇ ಕೂತ್ಬಿಟ್ಳು. ಅಯ್ಯೋ ವೇದಮ್ಮ, ಯಾವಾಗ್ ಹೋದ್ರು ಅಂತ."

"ನಗಬೇಡಿ ರೀ."

"ನಾನು ಒಳಗಿಂದ, ಎಲ್ಲೂ ಹೋಗಿಲ್ಲಮ್ಮಾ, ಟವೆಲ್ ಕೊಡು ಅಂದೆ. ಪಾಪ, ಓಡೇ ಹೋದ್ಳು."

"ರೀ!"

ಗುಲ್ಷನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಮನೆಯ ಗೋಡೆಯ ಮೇಲೆ ಯಾರ ಮುಖವೂ ಇರಲಿಲ್ಲ. ಕಾಬಾದ ಒಂದು ಚಿತ್ರ, ಒಂದು ಕ್ಯಾಲೆಂಡರ್. ಅಪ್ಪನ ಫೋಟೊ ಬೀರುವಿನ ಆಲ್ಬಮ್ಮಿನಲ್ಲಿತ್ತು. ಗೆಳತಿಯರ ಮನೆಗಳಲ್ಲಿ ಹಾರ ಹಾಕಿದ ಪಟಗಳನ್ನು ಅವಳು ನೋಡಿರಲಿಲ್ಲವೆಂದಲ್ಲ. ಹಾರ ಇದ್ದರೆ ಸತ್ತವರು, ಇಲ್ಲದಿದ್ದರೆ ಬದುಕಿದವರು, ವ್ಯತ್ಯಾಸ ಅಷ್ಟೇ ಎಂದುಕೊಂಡಿದ್ದಳು. ಹಾರಕ್ಕೂ ಮುಂಚೆ ಚಿತ್ರವೇ ಅದನ್ನು ಹೇಳಿಬಿಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಡ್ಡದವನಿಗಂತೂ ಗೊತ್ತಿರಲು ಸಾಧ್ಯವಿರಲಿಲ್ಲ.

"ಹಿಂದಿನ ಬಣ್ಣ ಬದಲಾಯಿಸ್ತೀನಿ ಆಂಟಿ, ಕೂತ್ಕೊಳ್ಳಿ," ಎಂದು ಕಂದು ತೆಗೆದು ತಿಳಿ ನೀಲಿ ಹಾಕಿದಳು.

ವೇದಾ ಪರದೆಯತ್ತ ಬಗ್ಗಿ ನೋಡಿದಳು. "ಈಗ ಸ್ವರ್ಗಕ್ಕೆ ಹೋಗಿದ್ದಾರೆ."

ಹಸಿರು ಹಾಕಿದಳು. ಬೆಳಕು ತೆಗೆದಳು. ಏನು ಮಾಡಿದರೂ ಸುದರ್ಶನ್ ಸತ್ತೇ ಇದ್ದ. ಕೃಷ್ಣಸ್ವಾಮಿ ಮೊಬೈಲ್ ತೆಗೆದು ಅವಳ ಕಿವಿಯ ಬಳಿ ಬಗ್ಗಿದ. "ವಿಶ್ರುತ್‌ಗೆ ಹೇಳಿಬಿಡ್ಲಾ? ನೀನೇ ಹೇಳು."

ಗುಲ್ಷನ್ ನೋಟ್‌ಬುಕ್ ತೆರೆದು ಕುರ್ಚಿಯನ್ನು ವೇದಾಳ ಕಡೆ ತಿರುಗಿಸಿದಳು. "ಆಂಟಿ, ಏನ್ ನೋಡಿ ನಿಮಗೆ ಹಂಗನ್ನಿಸ್ತು? ಒಂದೊಂದಾಗಿ ಹೇಳಿ. ನಂಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಅಷ್ಟು ನೇರವಾಗಿ ಹೇಳಿದ್ದಕ್ಕೆ ವೇದಾಳ ಧ್ವನಿ ಸ್ವಲ್ಪ ಇಳಿಯಿತು. "ಏನಂತ ಹೇಳ್ಲಮ್ಮಾ? ಸತ್ತೋರಿಗೆ ಕೈಕಾಲು ಇರಲ್ಲ. ಎದೆವರೆಗೆ ಅಷ್ಟೇ. ಹಿಂದೆ ಏನೂ ಇರಲ್ಲ, ಎಲ್ಲಿದ್ದಾರೆ ಅಂತ ಗೊತ್ತಾಗಲ್ಲ. ನೇರ ನಮ್ಮನ್ನೇ ನೋಡ್ತಿರ್ತಾರೆ, ಅಡುಗೆಮನೆಗೆ ಹೋದ್ರೂ ಬಿಡಲ್ಲ. ಬದುಕಿರೋರು ಏನಾದ್ರೂ ಹಿಡ್ಕೊಂಡಿರ್ತಾರೆ, ಎಲ್ಲಾದ್ರೂ ಒರಗಿರ್ತಾರೆ, ಅತ್ತಿತ್ತ ನೋಡ್ತಿರ್ತಾರೆ."

"ಚಪ್ಪಲಿ?"

"ಚಪ್ಪಲಿ ಹಾಕ್ಕೊಂಡಿರೋ ಸತ್ತೋರನ್ನ ನಾನಂತೂ ನೋಡಿಲ್ಲ."

ಗುಲ್ಷನ್ ಎಲ್ಲವನ್ನೂ ಬರೆದುಕೊಂಡಳು. ಗಡ್ಡದವನು ತೆಗೆಯಿರಿ ಎಂದದ್ದರ ಪಟ್ಟಿ, ವೇದಾ ಇರಬೇಕು ಎಂದದ್ದರ ಪಟ್ಟಿ, ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಕ್ಯಾಂಟೀನಿನ ಫೋಟೊಗೇ ಮರಳಬಹುದಿತ್ತು. ಆದರೆ ಗಂಡ ಕ್ಯಾಂಟೀನಿನ ಮುಂದೆ ನಿಂತು ಟೀ ಕುಡಿಯುವುದನ್ನು ಮನೆಯ ಹಾಲ್‌ನಲ್ಲಿ ತೂಗುಹಾಕಲು ವೇದಾ ಒಪ್ಪಲಿಲ್ಲ. ಕೃಷ್ಣಸ್ವಾಮಿ ಅಲ್ಲೇ ಸುದರ್ಶನ್‌ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕೈಗೆ ಪೇಪರ್ ಕೊಟ್ಟು, ಕಿಟಕಿ ನೋಡಲು ಹೇಳಿ, ಹೊಸ ಫೋಟೊ ತೆಗೆದ. ಪೇಪರ್ ಹಿಡಿದ ಎರಡು ಕೈ, ಮೊಣಕಾಲು, ಚಪ್ಪಲಿ, ಎಲ್ಲವೂ ಚೌಕಟ್ಟಿನೊಳಗೆ ಬಂದವು.

"ನಾಲ್ಕು ದಿನ," ಎಂದು ಗುಲ್ಷನ್‌ಗೆ ಹೇಳಿದ. ಮೊಬೈಲು ಮತ್ತೆ ಅವನ ಕೈಗೆ ಬಂದಿತ್ತು.

ಆ ನಾಲ್ಕು ದಿನ ಕೆಟ್ಟದಾಗಿದ್ದವು. ನಾಲ್ಕೂ ಸೀಡಿ ತಿರುವಿ ಹಾಕಿದರೂ ಕೈಯ ಚಿತ್ರ ಬಿಡಿಸುವ ಪಾಠ ಎಲ್ಲೂ ಇರಲಿಲ್ಲ. ಬೆರಳುಗಳು ಬೆಂಡೆಕಾಯಿಯಾಗಿ ಬಂದವು. ಬೆತ್ತದ ಹೆಣಿಗೆಯ ಮೇಲೆ ಕುಂಚ ಹಾಯಿಸಿದರೆ ಕುರ್ಚಿ ಕರಗಿ ಪಾಯಸವಾಯಿತು. ಮೂರು ದಿನ ಕೈಕಾಲಿಗೇ ಹೋಗಿ, ಮುಖಕ್ಕೆ ಉಳಿದದ್ದು ಒಂದೇ ದಿನ. ಮುಖ ಈಗ ಚಿಕ್ಕದಿತ್ತು, ಪಕ್ಕಕ್ಕೆ ತಿರುಗಿತ್ತು. ಅರವತ್ತರ ಆಸುಪಾಸಿನ ಯಾವ ಫೋರ್‌ಮನ್ನಾದರೂ ಆಗಬಹುದಿತ್ತು.

ವೇದಾ ಬಂದು ನೋಡಿ, ಚಪ್ಪಲಿಯಿಂದ ತಲೆಯವರೆಗೆ ಕಣ್ಣಾಡಿಸಿ, "ಹಾಂ, ಈಗ ಮನೇಲಿರೋ ಹಾಗಿದ್ದಾರೆ," ಅಂದಳು.

ಸುದರ್ಶನ್ ಕನ್ನಡಕ ಏರಿಸಿಕೊಂಡ. "ಇದ್ಯಾರು?"

"ನೀವೇ ರೀ."

"ಮೊದಲನೇದು ನಾನು. ಇದು ನಮ್ಮ ಭಾವಮೈದುನ ಇದ್ದಂಗಿದೆ."

"ನಮ್ಮಣ್ಣನ ಹಾಗಿದ್ರೆ ಇನ್ನೂ ಒಳ್ಳೇದೇ ಆಯ್ತು." ವೇದಾ ಗುಲ್ಷನ್ ಕಡೆ ತಿರುಗಿದಳು. "ಆ ಹಳೇದು ಕಂಪ್ಯೂಟರ್‌ನಲ್ಲಿ ಇದೆಯಾ?"

"ಇದೆ ಆಂಟಿ."

"ಅಳಿಸ್ಬಿಡು. ನನ್ನ ಕಣ್ಮುಂದೆ. ಅವತ್ತು ಮನೆಗೆ ವಾಪಸ್ ತಗೊಂಡೋಗಿದ್ದನ್ನ ನಾನೇ ಹರಿದು ಹಾಕ್ದೆ. ಇಲ್ಲಿ ಮಾತ್ರ ಯಾಕಿರ್ಬೇಕು?"

ಗುಲ್ಷನ್ ಆ ಫೈಲ್ ತೆರೆದಳು. ಪರದೆ ತುಂಬ ಮುಖ ಬಂತು. ಸುದರ್ಶನ್ ಹೇಳಿದ್ದು ನಿಜ, ಮನುಷ್ಯ ಇದ್ದದ್ದು ಇದರಲ್ಲೇ. ನಾಲ್ಕು ವರ್ಷದಲ್ಲಿ ಅವಳ ಕೈಯಿಂದ ಸಾವಿರಾರು ಮುಖ ಹಾದುಹೋಗಿದ್ದವು, ಅವಳು ನಿಜವಾಗಿ ನೋಡಿದ್ದು ಇದೊಂದನ್ನೇ. ಇದು ಹೋದರೆ ತನಗೆ ಈ ಕೆಲಸ ಬರುತ್ತದೆಂದು ತೋರಿಸಲು ಏನೂ ಉಳಿಯುವುದಿಲ್ಲ. ಸೀಡಿಗೆ ಒಂದು ಪ್ರತಿ ಹಾಕಿಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು, ಆದರೆ ವೇದಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಏನಮ್ಮಾ ನೋಡ್ತೀಯಾ? ಅಳಿಸು," ಅಂದ ಕೃಷ್ಣಸ್ವಾಮಿ. "ಈ ವಾರ ಇನ್ನೂ ಎರಡು ಆರ್ಡರ್ ಇದೆ ನಿಂಗೆ."

ಕುರ್ಚಿ ತನ್ನದೆಂದು ಅವಳಿಗೆ ತಿಳಿದದ್ದು ಹೀಗೆ.

ಸುದರ್ಶನ್ ಆಟೊ ಹುಡುಕಲು ಹೊರಗೆ ಹೋದ.

ಗುಲ್ಷನ್ ಅಳಿಸಿದಳು. "ಕಸದ ಬುಟ್ಟೀಲಿ ಇರುತ್ತಂತಲ್ಲ, ನನ್ನ ಮಗ ಹೇಳ್ತಿದ್ದ," ಅಂದಳು ವೇದಾ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಮರುವಾರ ಬಸಣ್ಣ ಎಂಬವನು ಬಂದ. ಹಲಸೂರು ಕೆರೆ ಕಡೆ ಟೈರ್ ಅಂಗಡಿಯಿದ್ದವನು. ಅಣ್ಣನ ವೋಟರ್ ಐಡಿ ಕೌಂಟರ್ ಮೇಲಿಟ್ಟು, ದೊಡ್ಡದಾಗಿ, ಪೇಂಟಿಂಗ್ ಥರ ಬೇಕು ಅಂದ. ಗುಲ್ಷನ್ ಪೆನ್ ತೆಗೆದುಕೊಂಡು ಮೊದಲು ಕೇಳಬೇಕಾದ್ದನ್ನೇ ಮೊದಲು ಕೇಳಿದಳು.

"ಇದ್ದಾರಾ, ಹೋಗಿದ್ದಾರಾ?"

ಕೃಷ್ಣಸ್ವಾಮಿ ಕೆಮ್ಮಿದ. ಬಸಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿ, "ಐಸಿಯೂನಲ್ಲಿದ್ದಾರೆ ಮೇಡಂ," ಅಂದ. "ಡಾಕ್ಟ್ರು ಏನೂ ಬಿಟ್ಟು ಹೇಳ್ತಿಲ್ಲ. ನಿಮಗೆ ಎಷ್ಟು ದಿನ ಬೇಕು?"

"ಎಂಟು ದಿನ."

"ಹಂಗಾದ್ರೆ ಶುರು ಮಾಡ್ಕೊಳ್ಳಿ. ನಾನು ಫೋನ್ ಮಾಡ್ತೀನಿ."

ಗುಲ್ಷನ್ ಫೋಟೊ ಸ್ಕ್ಯಾನ್ ಮಾಡಿದಳು. ಮುಖಕ್ಕೊಂದು ಹಾಳೆ, ಮೈಕೈಗೂ ಹಿನ್ನೆಲೆಗೂ ಬೇರೆಯೇ ಹಾಳೆ ಮಾಡಿಟ್ಟಳು. ಫೋನ್‌ನಲ್ಲಿ ಯಾವ ಸುದ್ದಿ ಬಂದರೂ ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಾಯಿಸಬಹುದು. ಎಡಗಣ್ಣಿನಿಂದ ಶುರು ಮಾಡಿದಳು.