ಗೋಡೆ ಕಡೆಯ ಕುರ್ಚಿ

ರುಚಿಯಮ್ಮನಿಗೆ ಆ ವಾರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತಂದೆ ತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಆಸ್ಪತ್ರೆಯ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ಬೀದಿಗೆಲ್ಲ ಆಕೆ ರುಚಿಯಮ್ಮ. ಟೊಮೇಟೊವನ್ನು ಮೂಗಿಗೆ ಹಿಡಿಯದೆ ಚೀಲಕ್ಕೆ ಹಾಕಿದವಳಲ್ಲ. ಕ್ಯಾರೆಟ್ಟನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಲಟ್ ಎಂದರೆ ಮಾತ್ರ ತೂಕಕ್ಕೆ ಕೊಡುತ್ತಿದ್ದಳು. ತರಕಾರಿ ಮಾರುವ ಹೆಂಗಸು ಆಕೆ ದೂರದಲ್ಲಿ ಕಂಡರೆ ಸಾಕು, "ಬಂದ್ರು ನೋಡಿ, ನಮ್ಮ ಬದನೆಕಾಯಿಗೆಲ್ಲ ಇವತ್ತು ಪರೀಕ್ಷೆ" ಎನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಒಳಗಿನ ಒಳ್ಳೆಯ ಬುಟ್ಟಿಯನ್ನು ಮುಂದಕ್ಕೆ ಎಳೆಯುತ್ತಿದ್ದಳು.

ಮಾಡುವುದು ಎಷ್ಟು ಇಷ್ಟವೋ, ತಿನ್ನುವವರನ್ನು ನೋಡುವುದು ಆಕೆಗೆ ಅದರ ಎರಡರಷ್ಟು ಇಷ್ಟ. ಯಾರಿಗೇ ಬಡಿಸಲಿ, ಎದುರಿಗೆ ಸ್ಟೂಲು ಎಳೆದುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತುಬಿಡುವಳು. ಕಣ್ಣು ಅವರ ಬಾಯಿಯ ಮೇಲೆ. ಮೊದಲ ತುತ್ತು ಇನ್ನೂ ಗಂಟಲಿಳಿದಿರುವುದಿಲ್ಲ, "ಹೇಗಿದೆ? ಉಪ್ಪು ಹಿಡಿದಿದೆಯಾ? ಖಾರ?" ಬಂದವರು ತುಂಬಿದ ಬಾಯಲ್ಲೇ ತಲೆ ಆಡಿಸಬೇಕು. ತಲೆ ಆಡಿಸುವುದು ಒಂದು ಗಳಿಗೆ ತಡವಾದರೆ ಆಕೆಯ ಮುಖ ಬಾಡುತ್ತಿತ್ತು. ತಂಗಿಯ ಗಂಡನಂತೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, "ಅತ್ತಿಗೆ, ಚೆನ್ನಾಗಿದೆ, ಈಗ ಬಡಿಸಿ" ಎಂದು ಹೇಳಿ ಒಳಗೆ ಬರುತ್ತಿದ್ದ.

ಆಕೆಯ ಯಜಮಾನರು ಗಡಿಯಾರ ರಿಪೇರಿಯವರು. ನಲವತ್ತು ವರ್ಷ ಒಂದು ಗಾಜಿನ ಪೆಟ್ಟಿಗೆಯಂಥ ಅಂಗಡಿಯಲ್ಲಿ, ಬಿಳಿ ಬಟ್ಟೆ ಹಾಸಿದ ತಟ್ಟೆ ಮುಂದಿಟ್ಟುಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತವರು. ಎಳ್ಳುಕಾಳಿನಷ್ಟು ಸ್ಕ್ರೂ ಒಂದು ದಿನವೂ ಅವರ ಕೈಯಿಂದ ಕೆಳಗೆ ಬಿದ್ದದ್ದಿಲ್ಲ. ಗಡಿಯಾರ ಬಿಚ್ಚಿದ್ದಾಗ ಗಿರಾಕಿ ಯಾರಾದರೂ ಕತ್ತು ಚಾಚಿದರೆ ಅವರಿಗೆ ಆಗುತ್ತಿರಲಿಲ್ಲ. "ಬೆಳಕು ಬಿಡಿ, ನಾಳೆ ಬನ್ನಿ" ಎನ್ನುವರು. ಕೋಪವಿಲ್ಲ, ಅಷ್ಟೇ ಮಾತು. ಅಂಗಿಯ ಮೇಲೆ ಒಂದು ಹನಿ ಚಹಾ ಬಿದ್ದರೆ ಮನೆಗೆ ಬಂದು ಬದಲಾಯಿಸಿ ಹೋಗುವ ಜಾತಿ.

ಅಂಥವರಿಗೆ ಮೂರು ತಿಂಗಳ ಹಿಂದೆ ಲಕ್ವ ಹೊಡೆಯಿತು. ಕಾಲು ಹೇಗೋ ಚೇತರಿಸಿಕೊಂಡಿತು, ಕೋಲು ಹಿಡಿದು ನಡೆಯುತ್ತಿದ್ದರು. ಎಡಗೈ ಅರ್ಧ ಬಂತು. ಬಾಯಿಯ ಎಡಭಾಗ ಮಾತ್ರ ಇಳಿಬಿದ್ದದ್ದು ಹಾಗೇ ಉಳಿಯಿತು. ಮಾತು ತೊದಲುತ್ತಿತ್ತು, ಅದಕ್ಕೆ ಮಾತನ್ನೇ ಕಡಿಮೆ ಮಾಡಿದರು. ಊಟವನ್ನೂ ಕಡಿಮೆ ಮಾಡಿದರು. ಎರಡು ಚಮಚ, ಬಹಳವೆಂದರೆ ಮೂರು. ಆಮೇಲೆ ಬಲಗೈಯಿಂದ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿ, "ಸಾಕು."

"ಯಾಕ್ರೀ? ಏನು ಕಮ್ಮಿ ಆಗಿದೆ ಹೇಳಿ."

"ಏನೂ ಕಮ್ಮಿ ಇಲ್ಲ ಕಣೇ. ಸಾಕು."

ಆಸ್ಪತ್ರೆಯ ತಕ್ಕಡಿಯಲ್ಲಿ ಪ್ರತಿ ಸಲವೂ ಮುಳ್ಳು ಕೆಳಕ್ಕೆ ಇಳಿಯಿತು. ಹೀಗೇ ಆದರೆ ಮೂಗಿನಿಂದ ನಳಿಗೆ ಇಳಿಸಿ ಹಾಲು ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನಳಿಗೆ ಎಂಬ ಮಾತು ಕೇಳಿ ಯಜಮಾನರು ಗೋಡೆ ನೋಡಿದರು. ನಾಲಿಗೆಗೆ ಏನೂ ತಗಲದೆ ಹೊಟ್ಟೆ ತುಂಬಿಸುವುದೆಂದರೆ ರುಚಿಯಮ್ಮನ ಲೆಕ್ಕದಲ್ಲಿ ಅದು ಬದುಕೇ ಅಲ್ಲ.

ಆ ನಳಿಗೆಯನ್ನು ದೂರ ಇಟ್ಟದ್ದು ಮೂಲೆಯ ಹೋಟೆಲು. ಒಂದು ದಿನ ಮಾರ್ಕೆಟ್ಟಿಗೆ ಹೋಗಲೇಬೇಕಾಗಿತ್ತು, ಇವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಧೈರ್ಯವಿರಲಿಲ್ಲ. ನಾಲ್ಕೇ ಮೇಜಿನ ಆ ಹೋಟೆಲಿನಲ್ಲಿ ಕೂರಿಸಿ, ಅಡುಗೆಯವನಿಗೆ ಕಣ್ಣಲ್ಲೇ ಹೇಳಿ ಹೋದಳು. ಅಡುಗೆಯವನೂ ಅವನೇ, ಮಾಲೀಕನೂ ಅವನೇ. ತಲೆಯ ಮೇಲೆ ಒಂದು ಕೂದಲೂ ಇಲ್ಲದ್ದಕ್ಕೆ ಎಲ್ಲರಿಗೂ ಬೋಳಣ್ಣ. ಒಂದು ಗಂಟೆ ಕಳೆದು ಬಂದು ನೋಡಿದರೆ ಬಟ್ಟಲು ಖಾಲಿ. ಬೇಳೆ, ಕ್ಯಾರೆಟ್ಟು, ಈರುಳ್ಳಿ, ಟೊಮೇಟೊ ಬೇಯಿಸಿದ ಗಟ್ಟಿ ಸೂಪು, ಜೊತೆಗೊಂದು ಬನ್ನು. ಬನ್ನೂ ಇರಲಿಲ್ಲ. ರುಚಿಯಮ್ಮ ಬಟ್ಟಲಿನ ಅಂಚನ್ನು ಬೆರಳಲ್ಲಿ ಸವರಿ ಬಾಯಿಗಿಟ್ಟುಕೊಂಡಳು. ಪರವಾಗಿಲ್ಲ ಅನ್ನುವಂಥದ್ದು, ಅಷ್ಟೇ. ನಲವತ್ತು ವರ್ಷ ತನ್ನ ಕೈ ಊಟ ಉಂಡವರು ಇದಕ್ಕೆ ಹೇಗೆ ಮನಸೋತರು ಎಂದು ಒಳಗೊಳಗೇ ಉರಿಯಿತು. ಆದರೂ ಮಾರನೆಯ ದಿನವೂ ಕರೆತಂದಳು. ಹಾಗೆ ಆರು ವಾರ. ಇಳಿಯುತ್ತಿದ್ದ ಮುಳ್ಳು ನಿಂತಿತು.

ಈಗ ಸೋಮವಾರ ಬೋಳಣ್ಣ ಹೇಳಿದ್ದ: "ಅಮ್ಮಾ, ಶನಿವಾರಕ್ಕೆ ಕೊನೆ. ಇಪ್ಪತ್ತೆಂಟು ವರ್ಷ ಒಲೆ ಮುಂದೆ ನಿಂತು ನಿಂತು ಮಂಡಿ ಹೋಗಿದೆ. ಅಕ್ಕನ ಮನೆಗೆ ಹೋಗ್ತೀನಿ. ಇನ್ಮೇಲೆ ಅವಳು ಮಾಡ್ತಾಳೆ, ನಾನು ತಿಂದು ಬೈತೀನಿ."

ಅಂದಿನಿಂದ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂದಿನ ಸೋಮವಾರ ಆಸ್ಪತ್ರೆ, ತಕ್ಕಡಿ. ಅಷ್ಟರೊಳಗೆ ಆ ಸೂಪು ತನ್ನ ಒಲೆಯ ಮೇಲೆ ಬರಬೇಕು.

ಮಂಗಳವಾರ ಕೇಳಿಯೇಬಿಟ್ಟಳು. ಬೋಳಣ್ಣ ಮುಚ್ಚುಮರೆ ಮಾಡಲಿಲ್ಲ, ಬೇಳೆ ಇಷ್ಟು, ನೀರು ಇಷ್ಟು ಎಂದು ಬೆರಳು ಮಡಿಸಿ ಹೇಳಿದ. ಅಷ್ಟು ಸಲೀಸಾಗಿ ಹೇಳಿದ್ದೇ ಆಕೆಗೆ ಅನುಮಾನ. ಮಾರ್ಕೆಟ್ಟಿನಲ್ಲಿ ಹುಡುಕಿ ಹುಡುಕಿ ಎಳೆಯ ಕ್ಯಾರೆಟ್ಟು, ಕೆಂಡದಂಥ ಟೊಮೇಟೊ ತಂದು ರಾತ್ರಿ ಊಟಕ್ಕೆ ಹಾಗೇ ಮಾಡಿದಳು. ಬಟ್ಟಲಿಟ್ಟು, ಎದುರು ಸ್ಟೂಲು ಎಳೆದು ಕೂತಳು.

"ಹೇಗಿದೆ?"

ಯಜಮಾನರು ತಲೆ ಆಡಿಸಿದರು. ಎರಡು ಚಮಚ. ಸಾಕು.

ಏನೋ ಬಚ್ಚಿಟ್ಟಿದ್ದಾನೆ ಆ ಬೋಳ. ಬುಧವಾರ ಬೆಳಗ್ಗೆ ಯಜಮಾನರನ್ನು ಅವರ ಮೇಜಿಗೆ ಕೂರಿಸಿದಾಗ ಬೋಳಣ್ಣ ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟಿದ್ದ. ಈಕೆ ಇಪ್ಪತ್ತು ಹೆಜ್ಜೆ ಹಿಂದೆ. ಈರುಳ್ಳಿ ಮೂಟೆಯ ಮರೆಯಲ್ಲಿ ನಿಂತು ನೋಡಿದಳು. ಅವನು ತೆಗೆದುಕೊಂಡದ್ದು ಏನು? ನಿನ್ನೆಯದು, ಮೊನ್ನೆಯದು. ಸುಕ್ಕುಬಿದ್ದ ಕ್ಯಾರೆಟ್ಟು, ಮೆತ್ತಗಾದ ಟೊಮೇಟೊ, ಯಾರೂ ಮುಟ್ಟದೆ ಕೊನೆಗೆ ಉಳಿದದ್ದು.

ಅವನು ಹೋದ ಮೇಲೆ ಆಕೆ ಮುಂದೆ ಬಂದು ಅದೇ ಬುಟ್ಟಿ ತೋರಿಸಿದಳು. ತರಕಾರಿ ಹೆಂಗಸು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟಳು.

"ಇದಾ? ನೀವಾ? ಮೈಯಲ್ಲಿ ಹುಷಾರಿಲ್ವಾ ರುಚಿಯಮ್ಮ?"

"ತೂಗಮ್ಮ, ಬಾಯಿ ಸುಮ್ನಿರ್ಲಿ."

"ತೂಗ್ತೀನಿ. ಆಮೇಲೆ ನನ್ನ ಅಂಗಡಿ ಹೆಸರು ಯಾರಿಗೂ ಹೇಳ್ಬೇಡಿ."

ರಾತ್ರಿ ಬಾಡಿದ್ದನ್ನು ಹಾಕಿ ಮಾಡಿದರೆ ಸೂಪು ನಿಜಕ್ಕೂ ಗಟ್ಟಿಯಾಗಿ, ಸಿಹಿಯಾಗಿ ಬಂತು. ಹೋಟೆಲಿನದೇ ರುಚಿ. ಇದರಲ್ಲಿ ಆಕೆಯ ನಾಲಿಗೆ ತಪ್ಪುವಂಥದ್ದಲ್ಲ. ಗೆದ್ದೆ ಎಂದುಕೊಂಡು ಬಟ್ಟಲಿಟ್ಟಳು, ಸ್ಟೂಲಿನ ಅಂಚಿಗೆ ಕೂತಳು. ಚಮಚ ಬಾಯಿಗೆ ಹೋಗುವಾಗ ತನ್ನ ಬಾಯಿಯೂ ತೆರೆದುಕೊಂಡದ್ದು ಆಕೆಗೆ ಗೊತ್ತೇ ಆಗಲಿಲ್ಲ.

ಎರಡು ಚಮಚ. ಸಾಕು.

ಗುರುವಾರ ಹಠಕ್ಕೆ ಬಿದ್ದು, ಯಜಮಾನರನ್ನು ಮನೆಯಲ್ಲೇ ಬಿಟ್ಟು ಓಡಿಹೋಗಿ, ಬೋಳಣ್ಣನ ಪಾತ್ರೆಯಿಂದಲೇ ಡಬ್ಬಿಗೆ ತುಂಬಿಸಿಕೊಂಡು ಬಂದಳು. ಅವನ ಬಟ್ಟಲನ್ನೂ ಕೇಳಿ ತಂದಳು, ಅವನ ಬನ್ನನ್ನೂ. ಬಿಸಿ ಆರುವ ಮೊದಲೇ ಮುಂದಿಟ್ಟಳು. ಅದೇ ಸೂಪು, ಅದೇ ಬಟ್ಟಲು, ಅದೇ ಮನುಷ್ಯ.

"ತಿನ್ರೀ. ನೀವು ದಿನಾ ತಿನ್ನೋದೇ ಇದು."

ಅವರು ಆಕೆಯ ಮುಖ ನೋಡಿದರು. ಏನೋ ಹೇಳಲು ಹೊರಟು, ಎಡಗಡೆಯ ತುಟಿ ಮಾತು ಕೇಳದೆ, ಬಿಟ್ಟರು. ಎರಡು ಚಮಚ ತಿಂದರು. ಮೂರನೆಯದನ್ನು ಎತ್ತಿ, ಆಕೆಯ ಕಣ್ಣು ಕಂಡು, ಮತ್ತೆ ಬಟ್ಟಲಿಗೇ ಇಳಿಸಿದರು.

ಆ ಮಧ್ಯಾಹ್ನ ರುಚಿಯಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಕಪಾಟಿನ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಹತ್ತಿಸಿ, ಮತ್ತೆ ಇಳಿಸಿದಳು. ಸೂಪಿನ ತಪ್ಪಲ್ಲ ಎಂದ ಮೇಲೆ ಇನ್ನು ಯಾವ ಬುಟ್ಟಿಯಲ್ಲಿ ಹುಡುಕುವುದು?

ಶುಕ್ರವಾರ ಯಜಮಾನರನ್ನು ಹೋಟೆಲಿಗೆ ಬಿಟ್ಟವಳು ಮಾರ್ಕೆಟ್ಟಿನ ಕಡೆ ಹೊರಟು, ಕಾಲು ಮುಂದೆ ಹೋಗದೆ, ಹಿಂದಿನ ಓಣಿಯಿಂದ ಸುತ್ತಿಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಿಜ ಹೇಳಣ್ಣ. ಏನು ಮಾಡ್ತೀಯ ನೀನು ಅವರಿಗೆ?"

ಬೋಳಣ್ಣ ಈರುಳ್ಳಿ ಹೆಚ್ಚುತ್ತಿದ್ದವನು ಚಾಕು ಇಟ್ಟ. "ನನ್ನ ಅಂಗಡೀಲಿ ಯಾರು ಹೇಗೆ ತಿಂತಾರೆ ಅಂತ ನಾನು ಬಾಯಿಬಿಟ್ಟವನಲ್ಲಮ್ಮ. ಇನ್ನೊಂದು ದಿನಕ್ಕೆ ಆ ಹೆಸರು ಕೆಡಿಸ್ಕೊಳ್ಳಲ್ಲ" ಎಂದ. ಆಮೇಲೆ ತಾನು ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಅವನ ಹಿಂದೆ, ತಟ್ಟೆಗಳನ್ನು ಹೊರಗೆ ದಾಟಿಸುವ ಸಣ್ಣ ಕಿಟಕಿ.

ಯಜಮಾನರ ಮೇಜು ಮೂಲೆಯದು. ಕುರ್ಚಿ ಗೋಡೆಯ ಕಡೆಗೆ ತಿರುಗಿತ್ತು. ಕಿಟಕಿಯಿಂದ ಅವರ ಬೆನ್ನು ಮತ್ತು ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಕುತ್ತಿಗೆಗೆ ಬೋಳಣ್ಣನ ಅಡುಗೆಯ ಏಪ್ರನ್ನು ಕಟ್ಟಿತ್ತು. ಮೇಜಿನ ಮೇಲೆ, ಗಡಿಯಾರದ ತಟ್ಟೆಯಲ್ಲಿ ಹಾಸುವ ಹಾಗೆ, ಬಿಳಿ ಬಟ್ಟೆ ಹಾಸಿತ್ತು. ಅವರು ಒಂದು ಚಮಚ ಬಾಯಿಗಿಟ್ಟರು. ಅರ್ಧ ಒಳಗೆ ಹೋಯಿತು, ಅರ್ಧ ಎಡಗಡೆಯಿಂದ ಇಳಿದು ಗಲ್ಲದ ಮೇಲೆ ಹರಿಯಿತು. ಅವರು ಅವಸರ ಮಾಡಲಿಲ್ಲ. ಬಟ್ಟೆಯ ತುದಿಯಿಂದ ಒರೆಸಿಕೊಂಡರು. ಮತ್ತೊಂದು ಚಮಚ. ಬನ್ನಿನ ಚೂರು ಜಾರಿತು, ಹುಡುಕಿ ಎತ್ತಿ ಮತ್ತೆ ಇಟ್ಟುಕೊಂಡರು. ಸ್ಕ್ರೂ ಕೂರಿಸುವ ಅದೇ ತಾಳ್ಮೆ. ಪಕ್ಕದ ಮೇಜಿನಲ್ಲಿ ಇಬ್ಬರು ಲಾರಿಯವರು ತಮ್ಮ ಪಾಡಿಗೆ ಬಾಡಿಗೆ ಸಿಗದ್ದರ ಬಗ್ಗೆ ಗೊಣಗುತ್ತಿದ್ದರು, ಯಾರೂ ಅತ್ತ ನೋಡಲಿಲ್ಲ.

ರುಚಿಯಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಓಡಿಹೋಗಿ ಆ ಗಲ್ಲ ಒರೆಸಬೇಕು. ಒಂದು ಹೆಜ್ಜೆ ಇಟ್ಟೂ ಆಗಿತ್ತು. ಬೋಳಣ್ಣ ಸೌಟನ್ನು ಬಾಗಿಲಿಗೆ ಅಡ್ಡ ಹಿಡಿದ.

"ಬೆಳಕು ಬಿಡಿ ಅಮ್ಮಾ" ಎಂದ, ಮೆಲ್ಲಗೆ. "ಮೊದಲನೇ ದಿನ ಅವರು ನನಗೆ ಹೇಳಿದ್ದು ಇಷ್ಟೇ ಮಾತು. ಆಮೇಲೆ ಕುರ್ಚಿ ತಿರುಗಿಸಿಕೊಟ್ಟೆ."

ಆಕೆ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತಳು. ಆ ಮಾತು ನಲವತ್ತು ವರ್ಷ ಕೇಳಿದವಳು. ಗಿರಾಕಿಗಳು ಹಿಂದೆ ಸರಿದದ್ದನ್ನು ನೋಡಿ ಎಷ್ಟೋ ಸಲ ನಕ್ಕವಳು. ಮೂರು ತಿಂಗಳಿಂದ ತಾನೇ ಸ್ಟೂಲು ಎಳೆದುಕೊಂಡು, ಅವರ ಬೆಳಕಿಗೆ ಅಡ್ಡವಾಗಿ ಕೂತಿದ್ದಳು. ಉಪ್ಪು ಹಿಡಿದಿದೆಯಾ ಎಂದು ಕೇಳುತ್ತಾ.

"ನನಗ್ಯಾಕೆ ಹೇಳ್ಲಿಲ್ಲ ಅವರು?"

"ನೀವು ಕೇಳಿದ್ದು ಸೂಪಿನ ವಿಷಯ ಅಲ್ವಾ" ಎಂದು ಬೋಳಣ್ಣ ಈರುಳ್ಳಿಯ ಕಡೆ ತಿರುಗಿದ. ಇಬ್ಬರ ಕಣ್ಣಲ್ಲೂ ನೀರಿತ್ತು. ಅವನದಕ್ಕೆ ಈರುಳ್ಳಿಯ ನೆಪವಾದರೂ ಇತ್ತು.

ಶನಿವಾರ ಹೋಟೆಲು ಕೊನೆಯ ಸಲ ತೆರೆಯಿತು. ಹೊರಡುವಾಗ ಬೋಳಣ್ಣ ಆ ಏಪ್ರನ್ನನ್ನು ಒಗೆದು, ಮಡಿಸಿ, ಆಕೆಯ ಚೀಲಕ್ಕೆ ಹಾಕಿದ.

ಭಾನುವಾರ ರುಚಿಯಮ್ಮ ಬಾಡಿದ ಕ್ಯಾರೆಟ್ಟು ಹಾಕಿ ಸೂಪು ಮಾಡಿದಳು. ಅಡುಗೆಮನೆಯ ಮೇಜನ್ನು ಗೋಡೆಗೆ ತಳ್ಳಿ, ಕುರ್ಚಿಯನ್ನು ತಿರುಗಿಸಿದಳು. ಬಿಳಿ ಬಟ್ಟೆ ಹಾಸಿ, ಏಪ್ರನ್ನನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಯಜಮಾನರು ಬಾಗಿಲಲ್ಲಿ ಕೋಲೂರಿ ನಿಂತು ಎಲ್ಲವನ್ನೂ ನೋಡಿದರು. ಏಪ್ರನ್ನಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಮೆಟ್ಟಿಲು ಗುಡಿಸಿ ಬರ್ತೀನಿ" ಎಂದಳು ಆಕೆ, ಗೋಡೆಗೆ ಹೇಳುವಂತೆ. ಪೊರಕೆ ಹಿಡಿದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮೆಟ್ಟಿಲು ಬೆಳಗ್ಗೆಯೇ ಗುಡಿಸಿ ಆಗಿತ್ತು. ಮತ್ತೆ ಗುಡಿಸಿದಳು. ಕೆಳಗೆ ಹೋದಳು, ಮೇಲೆ ಬಂದಳು. ಬಾಗಿಲಿಗೆ ಕಿವಿಯಿಟ್ಟಳು, ಛೆ ಅಂದುಕೊಂಡು ತೆಗೆದಳು. ಈಗ ಮೊದಲ ಚಮಚ ಹೋಗಿರಬೇಕು. ಬೇಳೆ ನಾಲಿಗೆಗೆ ಹೇಗೆ ಹತ್ತಿತೋ. ಕ್ಯಾರೆಟ್ಟು ಕರಗಿತೋ ಇಲ್ಲವೋ. ಬಾಯಿ ತಾನಾಗಿ ಜಗಿಯುವಂತೆ ಆಡುತ್ತಿತ್ತು. ಎದುರು ಮನೆಯಾಕೆ ಹೊರಗಿಣುಕಿ, "ಎಷ್ಟು ಸಲ ಗುಡಿಸ್ತೀರ ಅಕ್ಕಾ, ಮೆಟ್ಟಿಲು ಸವೆದುಹೋಗುತ್ತೆ" ಎಂದಳು. ಒಳಗಿನಿಂದ ಚಮಚ ಬಟ್ಟಲಿಗೆ ತಾಗಿದ ಸದ್ದು ಬಂತು. ಎರಡು. ಮೂರು. ಸ್ವಲ್ಪ ಬಿಡುವು. ಆಕೆಯ ಪೊರಕೆ ನಿಂತಿತು. ನಾಲ್ಕು. ಐದು.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ತೊದಲು ದನಿ: "ಲೇ."

ಆಕೆ ತಕ್ಷಣ ಹೋಗಲಿಲ್ಲ. ಬೇಕೆಂದೇ ನಾಲ್ಕು ಮೆಟ್ಟಿಲು ಇಳಿದು, ಹತ್ತಿ, ಆಮೇಲೆ ಬಾಗಿಲು ತಳ್ಳಿದಳು. ಯಜಮಾನರು ಮುಖ ಒರೆಸಿಕೊಂಡು, ಏಪ್ರನ್ನು ಬಿಚ್ಚಿ, ಅಂಗಿ ಸರಿಮಾಡಿಕೊಂಡು ಕೂತಿದ್ದರು. ಬಿಳಿ ಬಟ್ಟೆಯ ಮೇಲೆ ಕಲೆಗಳಿದ್ದವು. ಬಟ್ಟಲಿನಲ್ಲಿ ಕಾಲು ಭಾಗ ಉಳಿದಿತ್ತು. ಹೇಗಿದೆ ಎಂಬ ಮಾತು ಆಕೆಯ ಗಂಟಲವರೆಗೆ ಬಂತು. ತುಟಿ ಕಚ್ಚಿ ಒಲೆಯ ಕಡೆ ನೋಡಿದಳು.

"ಉಪ್ಪು" ಎಂದರು ಅವರು, "ಒಂಚೂರು ಕಮ್ಮಿ."

ಉಪ್ಪು ಹದವಾಗಿತ್ತು. ಮೂರು ಸಲ ನೋಡಿದ್ದಳು, ಆಕೆಯ ಕೈ ಉಪ್ಪಿನಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಬೇರೆ ದಿನವಾಗಿದ್ದರೆ ಅರ್ಧ ಗಂಟೆ ವಾದ ಮಾಡುತ್ತಿದ್ದಳು. ಈಗ ಡಬ್ಬಿ ತೆಗೆದು, ಎರಡು ಬೆರಳಲ್ಲಿ ಉಪ್ಪು ಹಿಡಿದು, ಉಳಿದ ಸೂಪಿಗೆ ಉದುರಿಸಿ, ಚಮಚವನ್ನು ಅವರ ಬಲಗೈಯ ಹತ್ತಿರಕ್ಕೆ ತಿರುಗಿಸಿಟ್ಟಳು.

ಆಮೇಲೆ ಪೊರಕೆ ಎತ್ತಿಕೊಂಡು ಮತ್ತೆ ಮೆಟ್ಟಿಲಿಗೆ ಹೋದಳು.